ಮುಳುಗಿ ಇದ್ದವನು

ಒಂದು ಕಾಲದಲ್ಲಿ ಗದ್ದಲ ಮಾಡುತ್ತೇವೆಂದು ನಮ್ಮನ್ನು ಇದೇ ಕಟ್ಟಡದಿಂದ ಹೊರಗೆ ಕಳಿಸಿ, ಇಂದು ತಾವೇ ಕರೆದು ಕೈಗೆ ಮೈಕು ಕೊಟ್ಟಿರುವ ಗ್ರಂಥಾಲಯದ ಅಧ್ಯಕ್ಷರೇ, ಪುಸ್ತಕ ಬಿಡುಗಡೆ ಮಾಡಲು ಬಂದಿರುವ ಮುಖ್ಯ ಅತಿಥಿಗಳೂ, ಬಸ್ ಡಿಪೋದ ನಿವೃತ್ತ ಮೆಕ್ಯಾನಿಕ್ಕರೂ, ನನ್ನ ಹೆಂಡತಿಯ ಅಣ್ಣನೂ ಆಗಿರುವ ನಮ್ಮ ಭಾವನವರೇ, ಮುಂದಿನ ಸಾಲಿನಲ್ಲಿ ಕುಳಿತು ಇವರು ಇವತ್ತು ಏನು ಬಾಯಿಬಿಡುತ್ತಾರೋ ಎಂದು ನನ್ನನ್ನೇ ದುರುಗುಟ್ಟಿ ನೋಡುತ್ತಿರುವ ನಮ್ಮ ಪತ್ರಿಕೆಯ ಬೆರಳಚ್ಚುಗಾರ್ತಿಯವರೇ, ಈಗಿನ ಕ್ಲಬ್ಬಿನ ಹುಡುಗ ಹುಡುಗಿಯರೇ, ಪಕ್ಕದ ಹಾಲಿನ ಮದುವೆಗೆಂದು ಬಂದು ದಾರಿ ತಪ್ಪಿ ಇಲ್ಲಿ ಕುಳಿತಿದ್ದರೂ ಮರ್ಯಾದೆಗೆ ಎದ್ದು ಹೋಗದಿರುವ ಸಭಿಕರೇ, ನಿಮ್ಮೆಲ್ಲರಿಗೂ ವಂದನೆಗಳು.

ನನಗೆ ಹತ್ತು ನಿಮಿಷ ಮಾತಾಡಲು ಹೇಳಿದ್ದಾರೆ. ನನ್ನನ್ನು ಬಲ್ಲವರು ನಕ್ಕಿದ್ದು ಇಲ್ಲಿಯವರೆಗೆ ಕೇಳಿಸಿತು. ನಗಲಿ. ಇಂದು ನಾನು ಯಾರ ಮೇಲೂ ಬೇಜಾರು ಮಾಡಿಕೊಳ್ಳುವ ಸ್ಥಿತಿಯಲ್ಲಿಲ್ಲ. ಆ ಮೇಜಿನ ಮೇಲೆ ಬಟ್ಟೆ ಹೊದ್ದು ಕುಳಿತಿದೆಯಲ್ಲ, ಅದು ನಮ್ಮ ‘ಇಪ್ಪತ್ತು ಮುಖ’. ನಮ್ಮ ಕ್ಲಬ್ಬಿನ ಪತ್ರಿಕೆ. ಅದರ ಎಲ್ಲ ಸಂಚಿಕೆಗಳೂ ಸೇರಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕವಾಗಿವೆ. ಆಗ ಅದನ್ನು ಓದಿದವರು ಎಷ್ಟು ಮಂದಿ ಎಂದು ಕೇಳಬೇಡಿ. ಓದಿದವರು ಮರೆಯಲಿಲ್ಲ, ಅಷ್ಟು ಸಾಕು. ನಾನು ಹೆಮ್ಮೆ ಪಡುತ್ತಿದ್ದೇನೆಯೇ? ಹೌದು, ಪಡುತ್ತಿದ್ದೇನೆ. ಈ ವಯಸ್ಸಿನಲ್ಲಿ ಪಡದೆ ಇನ್ನು ಯಾವಾಗ ಪಡಲಿ?

ದಾರಿ ತಪ್ಪಿ ಬಂದವರಿಗಾಗಿ ಮೊದಲು ಆಟ ಯಾವುದೆಂದು ಹೇಳಿಬಿಡುತ್ತೇನೆ. ಒಂದು ಮೇಜು. ಅದರ ಸುತ್ತ ನಾಲ್ಕೈದು ಜನ. ಒಬ್ಬ ಕಥೆ ಹೇಳುವವನು, ಉಳಿದವರು ಆ ಕಥೆಯೊಳಗಿನ ಮನುಷ್ಯರು. ‘ನಿನ್ನ ಎದುರಿಗೆ ಒಂದು ಗುಹೆ ಇದೆ, ಒಳಗಿನಿಂದ ಗೊರಕೆ ಕೇಳಿಸುತ್ತಿದೆ, ಈಗ ಏನು ಮಾಡ್ತೀಯ?’ ಎಂದು ಕಥೆಯವನು ಕೇಳಬೇಕು. ‘ಮೆಲ್ಲಗೆ ಒಳಗೆ ಹೋಗ್ತೀನಿ’ ಎಂದು ಇವನು ಹೇಳಬೇಕು. ಆಮೇಲೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ದೊಡ್ಡ ಅಂಕೆ ಬಿದ್ದರೆ ಗೊರಕೆ ನಿಲ್ಲುವುದಿಲ್ಲ. ಚಿಕ್ಕದು ಬಿದ್ದರೆ ಗೊರಕೆ ನಿಲ್ಲುತ್ತದೆ, ಇವನ ಕಥೆಯೂ ಹೆಚ್ಚುಕಡಿಮೆ ಅಲ್ಲಿಗೆ ನಿಲ್ಲುತ್ತದೆ. ಇಷ್ಟೇ ಆಟ. ಗೆಲ್ಲುವವರಿಲ್ಲ, ಸೋಲುವವರಿಲ್ಲ. ಮನೆಯಲ್ಲಿ ಬೈಸಿಕೊಳ್ಳುವವರು ಮಾತ್ರ ಇದ್ದರು.

ನನಗೆ ಈ ಆಟ ಹೊಸದೆನಿಸಲೇ ಇಲ್ಲ. ಏಕೆ ಗೊತ್ತೇ? ನಾನು ಹಳ್ಳಿಯಲ್ಲಿ ಬೆಳೆದವನು. ನಮ್ಮಜ್ಜಿ ಅವರೆಕಾಯಿ ಬಿಡಿಸುತ್ತಾ ಕಥೆ ಹೇಳುತ್ತಿದ್ದಳು. ಪ್ರತಿ ಮಾತಿಗೂ ನಾವು ‘ಹ್ಞೂಂ’ ಅನ್ನಬೇಕು. ಅನ್ನದಿದ್ದರೆ ಕಥೆ ಅಲ್ಲಿಗೇ ನಿಂತಿತು. ಒಮ್ಮೆ ರಾಜಕುಮಾರ ಕುದುರೆ ಏರಲು ಒಂದು ಕಾಲೆತ್ತಿದ್ದ, ಅಷ್ಟರಲ್ಲಿ ನಾವೆಲ್ಲ ನಿದ್ದೆ ಹೋದೆವು. ಮರುದಿನ ‘ಆಮೇಲೇನಾಯ್ತಜ್ಜಿ?’ ಎಂದರೆ, ‘ಏನಾಗತ್ತೆ? ನೀವು ಹ್ಞೂಂ ಅನ್ನಲಿಲ್ಲ, ಪಾಪ ಅವನು ನಿನ್ನೆಯಿಂದ ಒಂದೇ ಕಾಲಲ್ಲಿ ನಿಂತಿದಾನೆ’ ಎಂದಳು. ನಾವು ಗಾಬರಿಯಾಗಿ ಎಲ್ಲರೂ ಒಟ್ಟಿಗೆ ಹ್ಞೂಂ ಎಂದೆವು. ಅವನನ್ನು ಕುದುರೆ ಹತ್ತಿಸಿದವರು ನಾವೇ. ಕಥೆ ಹೇಳುವವನದು ಅರ್ಧ, ಹ್ಞೂಂ ಅನ್ನುವವನದು ಅರ್ಧ ಎಂದು ನನಗೆ ಅಂದೇ ತಿಳಿಯಿತು. ಆಮೇಲೆ ಪಟ್ಟಣಕ್ಕೆ ಬಂದು ನೀರಿನ ಮೀಟರ್ ಓದುವ ಕೆಲಸ ಹಿಡಿದೆ. ಮನೆಮನೆಗೆ ಹೋಗಿ ಮೀಟರ್ ಓದುವುದು, ಆ ಮನೆಯವರಿಗೆ ಒಂದು ಕಥೆ ಹೇಳುವುದು. ಮೀಟರ್ ಓದಿದ್ದಕ್ಕೆ ಸಂಬಳ ಕೊಡುತ್ತಿದ್ದರು, ಕಥೆಗೆ ಕಾಫಿ ಕೊಡುತ್ತಿದ್ದರು.

ಹಾಗೆ ಮೀಟರ್ ಓದಲು ಹೋದ ಒಂದು ಮನೆಯಲ್ಲಿ ನಮ್ಮ ಭಾವ ಸಿಕ್ಕಿದರು. ಆಗ ಭಾವನಾಗಿರಲಿಲ್ಲ, ಬರೀ ಗೆಳೆಯ. ರದ್ದಿ ಅಂಗಡಿಯಿಂದ ಒಂದು ಪುಸ್ತಕ ತಂದಿಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿದ್ದರು. ಪರದೇಶದ ಪುಸ್ತಕ, ಇದೇ ಆಟದ ನಿಯಮಗಳಿದ್ದದ್ದು. ಆದರೆ ಮೊದಲರ್ಧ ಹರಿದುಹೋಗಿತ್ತು. ಆಟ ಶುರು ಮಾಡುವುದು ಹೇಗೆಂದು ಅದರಲ್ಲಿರಲಿಲ್ಲ, ಶುರುವಾದ ಮೇಲೆ ಏನು ಮಾಡಬೇಕೆಂದು ಮಾತ್ರ ಇತ್ತು. ‘ಇದು ನಮ್ಮಜ್ಜಿ ಕಥೆ ಕಣಯ್ಯಾ, ಶುರು ನಾನು ಮಾಡ್ತೀನಿ’ ಎಂದೆ. ದಾಳ ಎಲ್ಲಿಂದ ತರುವುದು? ಅಂಥದ್ದು ಯಾವ ಅಂಗಡಿಯಲ್ಲೂ ಇರಲಿಲ್ಲ. ಅವರು ಡಿಪೋದಲ್ಲಿ ಬಿದ್ದಿದ್ದ ಹಿತ್ತಾಳೆಯ ತುಂಡನ್ನು ಊಟದ ಬಿಡುವಿನಲ್ಲಿ ಅರದಿಂದ ಉಜ್ಜಿ ಉಜ್ಜಿ ಇಪ್ಪತ್ತು ಮುಖ ತೆಗೆದರು. ಬೇರೆ ಯಾರಿಗಾದರೂ ಆಗುತ್ತಿತ್ತೇ? ಆಗುತ್ತಿರಲಿಲ್ಲ. ಆ ದಾಳಕ್ಕೊಂದು ಚಟವಿತ್ತು, ಏಳರ ಮೇಲೆ ಬೀಳುವುದೆಂದರೆ ಬಹಳ ಇಷ್ಟ. ಆ ಚಟಕ್ಕೆ ಹೊಂದಿಕೊಂಡೇ ನಾವು ನಿಯಮ ಬರೆದುಕೊಂಡೆವು. ಆ ದಾಳವೂ ಇಂದು ಆ ಮೇಜಿನ ಮೇಲಿದೆ. ಯಾರೂ ಜೇಬಿಗೆ ಹಾಕಿಕೊಳ್ಳಬೇಡಿ.

ಆಡುತ್ತಿದ್ದದ್ದು ಟೈಲರ್ ಅಂಗಡಿಯ ಮಹಡಿಯಲ್ಲಿ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಸಂಜೆ ಅಂಗಡಿ ಮುಚ್ಚಿದ ಮೇಲೆ ನಮ್ಮದು. ಟೈಲರ್ ಮಾಸ್ತರು ಮೊದಮೊದಲು ‘ಮೇಜು ಕೊಳೆ ಮಾಡಬೇಡ್ರಪ್ಪಾ’ ಎಂದು ಕಾವಲು ಕೂರುತ್ತಿದ್ದರು. ಆಮೇಲೆ ಕೂತು ಕೂತು ಅವರೇ ಒಬ್ಬ ಮಂತ್ರವಾದಿಯಾದರು. ಅವರ ಸೀಮೆಸುಣ್ಣದಿಂದಲೇ ಮೇಜಿನ ಮೇಲೆ ಕೋಟೆ, ಸುರಂಗ, ನದಿ ಎಲ್ಲ ಬರೆಯುತ್ತಿದ್ದೆವು. ಒಂದು ಸಂಜೆ ಹಾಗೆ ಬರೆದದ್ದು ಮೇಜಿನ ಮೇಲಲ್ಲ, ಅದರ ಮೇಲೆ ಹಾಸಿದ್ದ ಗಿರಾಕಿಯೊಬ್ಬರ ಪ್ಯಾಂಟ್ ಬಟ್ಟೆಯ ಮೇಲೆ. ಬೆಳಿಗ್ಗೆ ಬಂದ ಕೆಲಸದವನು ಕೋಟೆಯ ಗೋಡೆಯನ್ನೇ ಅಳತೆಯ ಗೆರೆಯೆಂದು ತಿಳಿದು ನೀಟಾಗಿ ಕತ್ತರಿಸಿಬಿಟ್ಟ. ಗಿರಾಕಿ ಬಂದು, ‘ಮಾಸ್ತರೇ, ಮೊಣಕಾಲ ಹತ್ತಿರ ಇದೇನಿದು ಬುರುಜು ಬುರುಜಾಗಿದೆ?’ ಎಂದು ಕೇಳಿದರಂತೆ. ಮಾಸ್ತರು ಹೊಸ ಫ್ಯಾಷನ್ ಎಂದರಂತೆ. ಅವರು ಇಂದು ನಮ್ಮೊಡನಿಲ್ಲ. ಇದ್ದಿದ್ದರೆ ಈ ಕಥೆಯನ್ನು ಅವರೇ ಹೇಳುತ್ತಿದ್ದರು, ನನಗಿಂತ ಚೆನ್ನಾಗಿ.

ಇನ್ನು ಪತ್ರಿಕೆ. ಆಟದಲ್ಲಿ ನಡೆದದ್ದನ್ನೆಲ್ಲ ನಾನು ಬರೆಯುತ್ತಿದ್ದೆ. ನಕ್ಷೆಗಳನ್ನು ಭಾವ ಸೂಜಿಯಂಥ ಮೊನೆಯಿಂದ ಮೇಣದ ಹಾಳೆಯ ಮೇಲೆ ಗೀರುತ್ತಿದ್ದರು. ಎಂಥ ನಕ್ಷೆಗಳವು! ಎಂಜಿನ್ ಬಿಚ್ಚಿ ಜೋಡಿಸುವ ಕೈ, ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ. ಅವರ ತಂಗಿ ಟೈಪಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದವರು, ಮೇಣದ ಹಾಳೆಯ ಮೇಲೆ ಬರಹ ಟೈಪ್ ಮಾಡಿಕೊಡುತ್ತಿದ್ದರು. ಅದೇ ಶಾಲೆಯ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದು, ಬೇರೆ ಬೇರೆ ಊರಿನ ಆಟಗಾರರಿಗೆ ಅಂಚೆಯಲ್ಲಿ ಕಳಿಸುತ್ತಿದ್ದೆವು. ಕೈಗೆ ಹತ್ತಿದ ಮಸಿ ಸೋಪಿಗೆ ಹೋಗುತ್ತಿರಲಿಲ್ಲ. ನನ್ನ ಕಚೇರಿಯಲ್ಲಿ ನನಗೆ ‘ಕರಿಬೆರಳು’ ಎಂದೇ ಅಡ್ಡಹೆಸರಿತ್ತು.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಮಹನೀಯರೇ, ನಮ್ಮ ಪತ್ರಿಕೆ ದೊಡ್ಡದಾದದ್ದು ಅದರ ಸರಿಗಳಿಂದಲ್ಲ, ಒಂದು ತಪ್ಪಿನಿಂದ. ನಮ್ಮ ಕಥೆಯಲ್ಲೊಂದು ಕೋಟೆ. ಅದರ ಬಾಗಿಲಲ್ಲೊಬ್ಬ ರಾಕ್ಷಸ ಕಾವಲಿದ್ದ. ನಾನು ‘ಬಾಗಿಲು ಕಾಯುವವನು’ ಎಂದು ಬರೆದುಕೊಟ್ಟೆ. ಅಚ್ಚಾಗಿ ಬಂದದ್ದು ‘ಬಾಗಿಲು ಕಾಯಿಸುವವನು’! ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಅಷ್ಟರಲ್ಲಿ ಹೊರಗಿನ ಊರುಗಳಿಂದ ಓದುಗರ ಪತ್ರಗಳು ಬರತೊಡಗಿದವು. ಈ ಬಾಗಿಲು ಕಾಯಿಸುವವನು ಯಾರು, ಯಾತರಿಂದ ಕಾಯಿಸುತ್ತಾನೆ, ಬಾಗಿಲು ಎಷ್ಟು ಬಿಸಿ ಇರುತ್ತದೆ, ತಣ್ಣೀರು ಎರಚಿದರೆ ಏನಾಗುತ್ತದೆ ಎಂದು. ತಿದ್ದುಪಡಿ ಹಾಕೋಣವೆಂದು ನಾನೆಂದೆ. ಬೇಡವೆಂದವರು ಯಾರು? ಇದೇ ನಮ್ಮ ಭಾವ.

‘ಯಾಕೆ ತಿದ್ದೋದು? ಕಾಯೋರು ಎಲ್ಲಾ ಕಥೇಲೂ ಇದಾರೆ. ಕಾಯಿಸೋನು ನಮ್ಮ ಹತ್ರ ಮಾತ್ರ ಇದಾನೆ. ಅಚ್ಚಾಗಿದೆ ಅಂದ್ರೆ ನಡೆದಿದೆ ಅಂತಾನೇ ಲೆಕ್ಕ’ ಎಂದರು.

ಟೈಲರ್ ಮಾಸ್ತರು ಕಾಜಾ ಹೊಲಿಯುತ್ತಲೇ, ಜನರನ್ನು ಬಾಗಿಲಲ್ಲಿ ಕಾಯಿಸುವವರು ಎಲ್ಲ ಆಫೀಸಿನಲ್ಲೂ ಇದ್ದಾರೆ, ಬಾಗಿಲನ್ನೇ ಕಾಯಿಸುವವನು ಇವನೊಬ್ಬನೇ ಎಂದರು. ಅಲ್ಲಿಗೆ ಅದು ನಮ್ಮ ಕ್ಲಬ್ಬಿನ ಕಾನೂನಾಯಿತು. ಅಚ್ಚಾದದ್ದೆಲ್ಲ ನಡೆದದ್ದು. ತಿದ್ದುಪಡಿ ಇಲ್ಲ. ಮುಂದಿನ ವಾರ ನೋಡಿದರೆ ಕಬ್ಬಿಣದ ಬಾಗಿಲ ಪಕ್ಕ ಒಲೆ ಹೂಡಿಕೊಂಡು, ತಿದಿ ಒತ್ತುತ್ತಾ, ಬಾಗಿಲನ್ನು ಕೆಂಪಗೆ ಕಾಯಿಸುವ ದೈತ್ಯ ಕುಳಿತಿದ್ದ. ಅವನನ್ನು ದಾಟಿ ಒಳಗೆ ಹೋಗಲು ನಮ್ಮವರಿಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು. ಈಗಿನ ಕ್ಲಬ್ಬಿನ ಮಕ್ಕಳೇ, ನೀವು ಇಂದಿಗೂ ಬಾಗಿಲು ಕಾಯಿಸುವವನಿಗೆ ಹೆದರಿ ಆಡುತ್ತೀರಿ ಎಂದು ಕೇಳಿದ್ದೇನೆ. ಅವನು ಹುಟ್ಟಿದ್ದು ಟೈಪ್‌ರೈಟರ್ ಮೇಲೆ ಕಣ್ರಪ್ಪಾ. ಅವನ ತಾಯಿ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಚಪ್ಪಾಳೆ ಹೊಡೆಯಿರಿ.

ಇಲ್ಲಿಯವರೆಗೆ ಸುಖ. ಇನ್ನು ನದಿ.

ನಮ್ಮ ಭಾವ ಕಥೆಯೊಳಗೆ ರಾಜನಾಗಲಿಲ್ಲ, ಯೋಧನಾಗಲಿಲ್ಲ. ಬೀಗ ರಿಪೇರಿ ಮಾಡುವವನಾದರು. ಎಲ್ಲರೂ ಅವನನ್ನು ಬೀಗದಣ್ಣ ಎಂದು ಕರೆಯುತ್ತಿದ್ದರು. ಕತ್ತಿ ಇಲ್ಲ, ಒಂದು ಚೀಲ, ಒಂದಿಷ್ಟು ತಂತಿ, ಬಾಯಿ ತುಂಬ ಮಾತು. ಕೋಟೆಯ ಕೊನೆಯ ಬಾಗಿಲಿನ ಬೀಗದ ಕೈ ಕಪ್ಪು ನದಿಯ ತಳದಲ್ಲಿತ್ತು. ಅದರಲ್ಲಿ ಮುಳುಗಿದವರು ಯಾರೂ ಎದ್ದಿಲ್ಲವೆಂದು ಹೇಳಿ ನಾನೇ ಎಲ್ಲರನ್ನೂ ಹೆದರಿಸಿದ್ದೆ. ಬೀಗದಣ್ಣ ಚೀಲ ದಡದಲ್ಲಿಟ್ಟು ನೆಗೆದ. ಭಾವ ದಾಳ ಉರುಳಿಸಿದರು. ಅದು ಅಂದು ತನ್ನ ಏಳನ್ನು ಬಿಟ್ಟುಕೊಟ್ಟು ಇಪ್ಪತ್ತರ ಮೇಲೆ ನಿಂತಿತು. ಮಾಸ್ತರು ಎದ್ದು ಕುಣಿದರು, ಕೆಳಗಿನ ಅಂಗಡಿಯ ಕನ್ನಡಿ ಅಲುಗಾಡಿತು. ಬೀಗದಣ್ಣ ಕೀಲಿಕೈಯೊಡನೆ ಮೇಲೆ ಬಂದ. ನಾನು ಮನೆಗೆ ಹೋಗಿ ಆ ಸಂಚಿಕೆಯ ಕೊನೆಯ ಸಾಲು ಬರೆದೆ: ‘ಬೀಗದಣ್ಣ ನದಿಯಲ್ಲಿ ಮುಳುಗಿ ಎದ್ದ.’

ಅಚ್ಚಾಗಿ ಬಂದದ್ದು: ‘ಬೀಗದಣ್ಣ ನದಿಯಲ್ಲಿ ಮುಳುಗಿ ಇದ್ದ.’

ಒಂದು ಅಕ್ಷರ. ಎ ಇರಬೇಕಾದಲ್ಲಿ ಇ. ಅದರ ಮುಂದೆ ಪೂರ್ಣವಿರಾಮ, ಅದರ ಕೆಳಗೆ ಸಂಚಿಕೆ ಮುಗಿಯಿತೆಂಬ ಗೆರೆ.

ಅಂಥ ಶಿಸ್ತಿನ ಬೆರಳಚ್ಚುಗಾರ್ತಿ ಅಂದು ಹೇಗೆ ತಪ್ಪಿದರು? ನನಗೂ ಗೊತ್ತಿಲ್ಲ. ಅವರು ಟೈಪ್ ಮಾಡುವಾಗ ನಾನು ಪಕ್ಕದಲ್ಲೇ ಕುಳಿತಿದ್ದೆ. ಹಾಳೆ ಕೊಟ್ಟು ಬರಲು ಹೋಗಿದ್ದೆ, ಸಂಜೆಯವರೆಗೆ ಇದ್ದೆ. ಆ ದಿನ ಅವರು ನೀಲಿ ಸೀರೆ ಉಟ್ಟಿದ್ದರು, ತೋಳಿನ ಹತ್ತಿರ ಸಣ್ಣ ಮಸಿಯ ಚುಕ್ಕೆ ಇತ್ತು, ಕಿಟಕಿಯಿಂದ ಬಿಸಿಲು ಬಂದಾಗಲೆಲ್ಲ ಕುರ್ಚಿಯನ್ನು ಸ್ವಲ್ಪ ನನ್ನ ಕಡೆ ಸರಿಸಿಕೊಳ್ಳುತ್ತಿದ್ದರು. ಇಷ್ಟೆಲ್ಲ ನೋಡಿದ ನನಗೆ ಆ ಒಂದು ಅಕ್ಷರ ಕಾಣಲಿಲ್ಲ ಎಂದರೆ ಟೈಪ್‌ರೈಟರ್‌ನಲ್ಲೇ ಏನೋ ದೋಷವಿದ್ದಿರಬೇಕು. ಯಾಕೆ ನಗುತ್ತೀರಿ? ಯಂತ್ರ ಹಳೆಯದಾಗಿತ್ತು. ಇರಲಿ, ಮುಂದಕ್ಕೆ ಹೋಗೋಣ.

ನೋಡಿಕೊಳ್ಳುವಷ್ಟರಲ್ಲಿ ಪ್ರತಿಗಳು ಅಂಚೆಗೆ ಹೋಗಿದ್ದವು. ಮೇಜಿನ ಸುತ್ತ ಎಲ್ಲರದೂ ಒಂದೇ ಮಾತು: ಈ ಒಂದು ಸಲ ತಿದ್ದೋಣ. ದಾಳ ಬಿದ್ದದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ತಂಗಿ ಒಂದು ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಭಾವ ಆ ಪುಟವನ್ನು ಕೈಗೆತ್ತಿಕೊಂಡರು.

‘ಬಾಗಿಲು ಕಾಯಿಸೋನಿಗೆ ಒಂದು ನ್ಯಾಯ, ನನಗೊಂದು ನ್ಯಾಯವಾ?’ ಎಂದರು. ‘ಕಾನೂನು ಮಾಡಿದೋನು ನಾನು. ಮುಳುಗಿದೆ, ಮುಗೀತು. ನೀವು ಆಡ್ಕೊಳ್ಳಿ.’

ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ನಾವು ಜಗಳವಾಡಿ ಗೆಲ್ಲುತ್ತಿದ್ದೆವು. ನಗುತ್ತಲೇ ಹೇಳಿ, ಬೀಗದಣ್ಣನ ಗುಣ, ಶಕ್ತಿಗಳನ್ನೆಲ್ಲ ಬರೆದಿಟ್ಟಿದ್ದ ಹಾಳೆಯನ್ನು ಮಡಿಸಿ ಡಬ್ಬಿಯಲ್ಲಿಟ್ಟು, ದಾಳವನ್ನು ಅದರ ಮೇಲಿಟ್ಟು, ಛತ್ರಿ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು. ಇನ್ನೊಂದು ಪಾತ್ರ ಮಾಡಿಕೊಳ್ಳಿ ಎಂದು ಮಾಸ್ತರು ಗೋಗರೆದರು. ಬೀಗದಣ್ಣ ನೀರಿನಡಿಯಲ್ಲಿರುವಾಗ ತಾನು ಮೇಲೆ ಇನ್ನೊಬ್ಬನಾಗಿ ಓಡಾಡುವುದಿಲ್ಲ ಎಂದರಂತೆ. ಇಂಥ ಮನುಷ್ಯನನ್ನು ಬೈಯಲಾಗುತ್ತದೆಯೇ? ಹೆಮ್ಮೆಯೇ ಪಡಬೇಕು. ನಾನು ಅಂದು ಹೆಮ್ಮೆ ಪಟ್ಟೆ, ಮನೆಗೆ ಹೋಗಿ ಊಟ ಬಿಟ್ಟೆ.

ಆಮೇಲೆ ತಂಗಿ ಪ್ರತಿ ಅಕ್ಷರವನ್ನೂ ಮೂರು ಸಲ ನೋಡಿ ಟೈಪ್ ಮಾಡತೊಡಗಿದಳು. ಪತ್ರಿಕೆಯಲ್ಲಿ ಒಂದು ತಪ್ಪೂ ಇಲ್ಲ, ಒಂದು ಸೊಗಸೂ ಇಲ್ಲ. ನಕ್ಷೆಗಳನ್ನು ನಾನು ಬರೆದೆ. ನಾನು ಬರೆದ ಕೋಟೆಯನ್ನು ಓದುಗರು ಕುಂಬಳಕಾಯಿ ಎಂದುಕೊಂಡರು. ಕೆಲವು ಸಂಚಿಕೆಗಳಾದ ಮೇಲೆ ‘ಇಪ್ಪತ್ತು ಮುಖ’ ನಿಂತಿತು.

ನಮ್ಮ ಸಂಬಂಧ ನಿಲ್ಲಲಿಲ್ಲ. ಅವರ ತಂಗಿಯನ್ನು ಮದುವೆಯಾದೆ. ಗೆಳೆಯ ಭಾವನಾದ. ಅಂದಿನಿಂದ ಇಂದಿನವರೆಗೆ ನಮ್ಮ ಮನೆಯ ನಲ್ಲಿ ಸೋರಿದರೆ ಅವರೇ, ಮಿಕ್ಸಿ ಕೆಟ್ಟರೆ ಅವರೇ, ನನ್ನ ಮಗಳಿಗೆ ಸೈಕಲ್ ಕಲಿಸಿದ್ದೂ ಅವರೇ. ಊಟ ಮಾಡುತ್ತಾರೆ, ನಗುತ್ತಾರೆ, ತಂಗಿಯನ್ನು ರೇಗಿಸುತ್ತಾರೆ. ಆದರೆ ನಾನು ಮೆಲ್ಲಗೆ ದಾಳದ ಡಬ್ಬಿಗೆ ಕೈ ಹಾಕಿದರೆ ಸಾಕು, ‘ನನ್ನ ಛತ್ರಿ ಎಲ್ಲಿ?’ ಎನ್ನುತ್ತಾ ಎದ್ದುಬಿಡುತ್ತಾರೆ. ಉರಿಬಿಸಿಲಿನಲ್ಲೂ ಛತ್ರಿ, ಬೆಳದಿಂಗಳಿನಲ್ಲೂ ಛತ್ರಿ! ಇಷ್ಟು ವರ್ಷ ನಾನು ಎಷ್ಟೋ ಜನರಿಗೆ ಕಥೆ ಹೇಳಿದ್ದೇನೆ. ಸಭಿಕರೇ, ಮನೆಯಲ್ಲೇ ಕುಳಿತ ಒಬ್ಬ ಮನುಷ್ಯನಿಂದ ಒಂದು ಹ್ಞೂಂ ಸಿಗದೆ ಉಳಿದ ಕಥೆ ಎಷ್ಟು ಭಾರ ಎಂಬುದು ನಿಮಗೆ ಗೊತ್ತೇ? ಬೇಡ, ಅದು ನಿಮಗೆ ಬೇಡ. ನಾನು ಹೆಮ್ಮೆಯ ಮಾತಾಡಲು ಬಂದವನು.

ಈ ಪುಸ್ತಕವನ್ನು ಸಿದ್ಧಪಡಿಸಿದವಳು ನನ್ನ ಮಗಳು. ಶಾಲೆಯ ಟೀಚರ್. ಹಳೆಯ ಪ್ರತಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹೊಸದಾಗಿ ಹೊಡೆದಳು, ಕಾನೂನಿನ ಪ್ರಕಾರ ತಪ್ಪುಗಳನ್ನೂ ಬಿಡದೆ. ಒಂದು ಭಾನುವಾರ ಅಡುಗೆಮನೆಯಲ್ಲಿ ಕುಳಿತು ಆ ಕೊನೆಯ ಸಾಲು ಓದಿ, ‘ಅಪ್ಪಾ, ಮಾವ ಮೇಲೆ ಬರೋದು ಯಾವ ಸಂಚಿಕೇಲಿ?’ ಎಂದು ಕೇಳಿದಳು. ಬರುವುದಿಲ್ಲ ತಾಯಿ, ಅಲ್ಲಿಗೆ ಸತ್ತ ಎಂದೆ.

‘ಸತ್ತ ಅಂತ ಎಲ್ಲಿದೆ? ಮುಳುಗಿ ಇದ್ದ ಅಂತಿದೆ. ಇದ್ದ ಅಂದ್ರೆ ಇದ್ದ ತಾನೆ?’

ಇಷ್ಟು ವರ್ಷ ನಾವು ಯಾರೂ ಆ ಸಾಲನ್ನು ಓದಿರಲೇ ಇಲ್ಲ! ಅಲ್ಲಿ ಏನಿರಬೇಕಿತ್ತು ಎಂದು ನಮಗೆ ಗೊತ್ತಿತ್ತು, ಆದ್ದರಿಂದ ತಪ್ಪೊಂದೇ ಕಂಡಿತು, ಮಾತು ಕಾಣಲಿಲ್ಲ. ಕಾಯಿಸುವವನನ್ನು ಕಂಡು ಕುಣಿದ ನಾವು, ಇದ್ದವನನ್ನು ಕಂಡು ಅತ್ತುಬಿಟ್ಟೆವು. ಪಾತ್ರೆ ತೊಳೆಯುತ್ತಿದ್ದ ಬೆರಳಚ್ಚುಗಾರ್ತಿಯವರು ನಲ್ಲಿ ನಿಲ್ಲಿಸಿದರು. ಕೈ ಒರೆಸಿಕೊಳ್ಳದೆ ಬಂದು ಮಗಳ ಹೆಗಲ ಮೇಲಿಂದ ಬಗ್ಗಿ ಆ ಸಾಲು ಓದಿದರು. ಮತ್ತೆ ಓದಿದರು. ಆಮೇಲೆ ನನ್ನ ಕಡೆ ತಿರುಗಿ, ‘ನಾನೆಲ್ರೀ ನಮ್ಮಣ್ಣನ್ನ ಸಾಯಿಸಿದ್ದೆ? ಇಟ್ಕೊಂಡಿದ್ದೆ ಅಷ್ಟೇ’ ಎಂದರು.

ಅಂದೇ ಅಟ್ಟದಿಂದ ಹಳೆಯ ಟೈಪ್‌ರೈಟರ್ ಇಳಿಯಿತು. ಈ ಪುಸ್ತಕಕ್ಕೆ ಒಂದು ಹೊಸ ಪುಟ ಸೇರಿದೆ, ಕಟ್ಟಕಡೆಯದು. ನಾನು ಹೇಳಿದೆ, ಅವರು ಟೈಪ್ ಮಾಡಿದರು. ನಾನು ಕರಡು ನೋಡಿಲ್ಲ. ನೋಡಲು ಬಿಡಲಿಲ್ಲ. ಅಚ್ಚಾಗಿದೆ, ಅಂದರೆ ನಡೆದಿದೆ.

ಭಾವ, ಇನ್ನು ಈ ಮಾತು ನಿನಗೆ. ಬಹುವಚನ ಸಾಕು. ಆ ಬಟ್ಟೆ ತೆಗೆ. ಮೊದಲ ಪುಟ ಬೇಡ, ಕೊನೆಯ ಪುಟ ತೆಗೆ. ಕನ್ನಡಕ ಜೇಬಿನಲ್ಲಿದೆ, ಎಡಗಡೆಯ ಜೇಬು. ಸಭಿಕರಿಗಾಗಿ ನಾನೇ ಹೇಳುತ್ತೇನೆ, ನನಗೆ ಬಾಯಿಪಾಠವಾಗಿದೆ: ‘ಬೀಗದಣ್ಣ ನದಿಯಲ್ಲಿ ಮುಳುಗಿ ಇದ್ದ. ಇಷ್ಟು ಕಾಲವೂ ಇದ್ದ. ಮೇಲೆ ನೀರು, ಕೆಳಗೆ ಮರಳು, ಕೈಯಲ್ಲಿ ಕೀಲಿಕೈ. ಎದುರಿಗೆ, ಯಾರೂ ನೋಡಿರದ ಒಂದು ಬಾಗಿಲು. ಈಗ ಏನು ಮಾಡ್ತೀಯ?’

ಛತ್ರಿ ಹುಡುಕಬೇಡ. ನೀನು ವೇದಿಕೆ ಹತ್ತುವಾಗಲೇ ನಿನ್ನ ತಂಗಿ ಅದನ್ನು ಗ್ರಂಥಾಲಯದ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಬೀಗ ತೆಗೆಯುವುದು ನಿನಗೇನೂ ದೊಡ್ಡ ಕೆಲಸವಲ್ಲ, ಗೊತ್ತು. ಆದರೆ ಬೇರೆ ಒಂದು ಬಾಗಿಲು ಮೊದಲಿದೆ. ಪುಟ ಓದಿ ಆಯಿತೇ? ನಿಧಾನವಾಗಿ ಓದು. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ನೋಡಲಿ, ಅವರು ನಮ್ಮನ್ನು ಮೊದಲೂ ಹೊರಗೆ ಕಳಿಸಿದವರೇ. ನೀನು ಹ್ಞೂಂ ಅನ್ನುವವರೆಗೆ ನಾನು ಇಲ್ಲೇ ಒಂದೇ ಕಾಲಲ್ಲಿ ನಿಂತಿರುತ್ತೇನೆ. ಮೊಣಕಾಲು ನೋವಿದೆ, ಅಷ್ಟು ನೆನಪಿರಲಿ.

ಏನು? ಕೇಳಿಸಲಿಲ್ಲ ಭಾವ. ಮೈಕು ಹತ್ತಿರ ತರಲೇ?

ಕೇಳಿಸಿತು. ಹಿಂದಿನ ಸಾಲಿನವರಿಗೂ ಕೇಳಿಸಿತೇ?

ಹಾಗಾದರೆ ನನ್ನ ಮಾತು ಮುಗಿಯಿತು. ಸ್ಥಳ ಕೊಟ್ಟ ಗ್ರಂಥಾಲಯಕ್ಕೆ, ಮೇಜು ಕೊಟ್ಟು ಹೋದ ಮಾಸ್ತರಿಗೆ, ಓದಲು ಬರುವ ಮಗಳಿಗೆ, ತಪ್ಪು ಹೊಡೆದ ಬೆರಳುಗಳಿಗೆ ಕೃತಜ್ಞತೆಗಳು. ಕುರ್ಚಿಗಳನ್ನು ಯಾರೂ ಎತ್ತಿಡಬೇಡಿ, ಆ ಮೇಜಿನ ಸುತ್ತ ಬೇಕಾಗುತ್ತವೆ. ಭಾವ ಆಗಲೇ ದಾಳ ಕೈಗೆ ತೆಗೆದುಕೊಂಡಿದ್ದಾನೆ. ನಮಸ್ಕಾರ.